ತುಂಗೆಯ ದಡದಿಂದ ಭದ್ರೆಯ ದಡಕ್ಕೆ

ಮಲೆನಾಡಿನ ಹೆಬ್ಬಾಗಿಲೆಂದು ಹೆಸರಾದ ಶಿವಮೊಗ್ಗೆಯನ್ನು ಕಾಣದ ಕನ್ನಡಿಗರು ವಿರಳ. ಆದರೆ ಕಂಡವರಲ್ಲಿ ಬಹುಮಂದಿ ಅದನ್ನು ಹಾದುಹೋದವರೇ ಹೊರತು ನಿಂತು ನೋಡಿದವರಲ್ಲ. ಜೋಗದ ಜಲಪಾತಕ್ಕೋ, ಆಗುಂಬೆಯ ಸೂರ್ಯಾಸ್ತಕ್ಕೋ, ಶೃಂಗೇರಿಯ ಶಾರದಾಂಬೆಯ ದರ್ಶನಕ್ಕೋ ಹೊರಟವರು ಇಲ್ಲಿ ಬಸ್ಸು ಬದಲಾಯಿಸಿ, ಒಂದು ಲೋಟ ಕಾಫಿ ಕುಡಿದು ಮುಂದೆ ಸಾಗುವರು. ಭದ್ರಾವತಿಯ ಪಾಡಂತೂ ಇದಕ್ಕಿಂತ ಕನಿಷ್ಠ. ರೈಲಿನ ಕಿಟಕಿಯಿಂದ ಕಾರ್ಖಾನೆಯ ಚಿಮಣಿಗಳನ್ನು ಮಕ್ಕಳಿಗೆ ತೋರಿಸುವಲ್ಲಿಗೆ ಪ್ರಯಾಣಿಕರ ಪರಿಚಯ ಮುಗಿದುಹೋಗುವುದು. ಒಂದು ಊರು ತುಂಗೆಯ ದಡದಲ್ಲಿ, ಮತ್ತೊಂದು ಭದ್ರೆಯ ದಡದಲ್ಲಿ. ನಡುವೆ ಸುಮಾರು ಇಪ್ಪತ್ತು ಕಿಲೋಮೀಟರುಗಳ ಹಾದಿ. ಗಂಗಾಮೂಲದ ಒಂದೇ ಬೆಟ್ಟದಲ್ಲಿ ಹುಟ್ಟಿ, ಬೇರೆಬೇರೆ ದಾರಿ ಹಿಡಿದು ಬಂದ ಈ ಎರಡು ನದಿಗಳು ಕೂಡಲಿಯಲ್ಲಿ ಸೇರಿ ತುಂಗಭದ್ರೆಯೆನಿಸುವುವು.

ಈ ಸಲ ನಾವು ಅಲ್ಲಿಗೆ ಹೋದುದು ತೀರ್ಥಯಾತ್ರೆಗೂ ಅಲ್ಲ, ವಿಹಾರಕ್ಕೂ ಅಲ್ಲ. ಒಂದು ಹೊಸ ಕಸುಬಿನ ವಿಚಾರವಾಗಿ. ನಮ್ಮಲ್ಲಿ ಓದಿದ ಹುಡುಗನೊಬ್ಬನು ಶಿವಮೊಗ್ಗೆಯಲ್ಲಿಯೇ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು, ಈಗ ಊರಿಗೆ ಮರಳಿ ಮೂವರು ಸ್ನೇಹಿತರೊಡನೆ ವಿಡಿಯೋ ಆಟಗಳನ್ನು ನಿರ್ಮಿಸುವ ಸ್ಟುಡಿಯೋವೊಂದನ್ನು ತೆರೆದಿದ್ದಾನೆ. ಸಮುದ್ರದಾಚೆಯ ಪ್ರಕಾಶಕರೊಬ್ಬರು ಹಣ ಕೊಡಲು ಮುಂದೆ ಬಂದು ಕರಾರುಪತ್ರದ ಕರಡನ್ನು ಕಳುಹಿಸಿದ್ದರು. ಹುಡುಗನ ತಂದೆ ನಮಗೆ ಬರೆದ ಮಾತು ಇಷ್ಟು: “ಮೇಷ್ಟ್ರೇ, ಈ ಕಾಗದಕ್ಕೆ ರುಜು ಹಾಕಿಸುವುದೋ, ಅಡಕೆ ತೋಟದ ಮೇಲೆ ಸಾಲ ತೆಗೆದು ನಾನೇ ಹಣ ಹೂಡುವುದೋ ತಿಳಿಯದಾಗಿದೆ. ತಾವು ಒಮ್ಮೆ ಬಂದು ಓದಿ ನೋಡಬೇಕು.” ಇಂಥ ಪ್ರಶ್ನೆ ಇಂದು ಅನೇಕ ಗೃಹಸ್ಥರ ಜಗಲಿಯ ಮೇಲೆ ಬಂದು ಕುಳಿತಿರುವುದರಿಂದ, ಆ ಪ್ರಯಾಣದಲ್ಲಿ ಕಂಡುದನ್ನೂ ತಿಳಿದುದನ್ನೂ ವಾಚಕರ ಮುಂದಿಡುತ್ತೇವೆ.

ಆಟವೆಂಬ ಮಾತು ಕಿವಿಗೆ ಬಿದ್ದೊಡನೆ ಹಿರಿಯರ ಮನಸ್ಸಿನಲ್ಲಿ ಏಳುವ ಮೊದಲನೆಯ ಶಂಕೆ ಜೂಜಿನದು. ಈ ಶಂಕೆ ಇಂದಿನದಲ್ಲ. ಋಗ್ವೇದದ ಹತ್ತನೆಯ ಮಂಡಲದ ಅಕ್ಷಸೂಕ್ತವು ಜೂಜುಗಾರನ ಗೋಳನ್ನೇ ಹೇಳುತ್ತದೆ. ಧರ್ಮರಾಯನು ಪಗಡೆಯ ಹಾಸಿನ ಮೇಲೆ ರಾಜ್ಯವನ್ನು ಕಳೆದುಕೊಂಡ ಕಥೆಯನ್ನು ಕೇಳದ ಮನೆಯಿಲ್ಲ. ಆದರೆ ಪಣವೊಡ್ಡುವ ಜೂಜು ಬೇರೆ, ಬುದ್ಧಿಗೂ ಕೈಚಳಕಕ್ಕೂ ಕೆಲಸ ಕೊಡುವ ಆಟ ಬೇರೆ. ಕೇಂದ್ರ ಸರ್ಕಾರವು 2025ರ ಆಗಸ್ಟಿನಲ್ಲಿ ತಂದ ಆನ್‌ಲೈನ್ ಗೇಮಿಂಗ್ ಕಾಯಿದೆಯು ಈ ಭೇದವನ್ನು ಸ್ಪಷ್ಟವಾಗಿ ಮಾಡಿದೆ: ಹಣ ಒಡ್ಡಿ ಆಡುವ ಆಟಗಳನ್ನು ನಿಷೇಧಿಸಿ, ಉಳಿದವುಗಳಿಗೆ ಉತ್ತೇಜನವೀಯುವುದೇ ಅದರ ಆಶಯ. ನಮ್ಮ ನಾಡಿನಲ್ಲಂತೂ ಆಟಕ್ಕೆ ರಾಜಾಶ್ರಯವೇ ಇದ್ದಿತು. ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವತಃ ಹೊಸ ಹಾಸುಗಳನ್ನು ಕಲ್ಪಿಸಿದವರು. ಅವರ ಶ್ರೀತತ್ತ್ವನಿಧಿಯ ಒಂಬತ್ತನೆಯ ನಿಧಿಯಾದ ಕೌತುಕನಿಧಿಯು ಆಟಗಳಿಗೇ ಮೀಸಲು. ಹಳೆಯ ದೇವಾಲಯಗಳ ಜಗಲಿಯ ಕಲ್ಲಿನಲ್ಲಿ ಹುಲಿಕುರಿ ಆಟದ ಗೆರೆಗಳನ್ನೂ ಚೆನ್ನೆಯ ಗುಳಿಗಳನ್ನೂ ಕಂಡವರಿಗೆ, ಆಟವು ದೇವರ ಸನ್ನಿಧಿಗೂ ಹೊರಗಾಗಿರಲಿಲ್ಲವೆಂಬುದು ಗೊತ್ತು.

ಶಿವಮೊಗ್ಗೆಗೆ ಬೆಳಗಿನ ಹೊತ್ತು ಬಂದಿಳಿದವರು ಮೊದಲು ನೋಡತಕ್ಕದ್ದು ತುಂಗೆಯ ಸಮೀಪದಲ್ಲಿರುವ, ಶಿವಪ್ಪನಾಯಕನ ಅರಮನೆಯೆಂದು ಹೆಸರಾದ ಕಟ್ಟಡವನ್ನು. ದಪ್ಪ ಮರದ ಕಂಬಗಳು, ತೂಗುವ ಮಾಡು, ತಂಪಾದ ನಡುಮನೆ. ಈಗ ಅದು ಸರ್ಕಾರದ ವಸ್ತುಸಂಗ್ರಹಾಲಯ. ಸುತ್ತಮುತ್ತಲ ಊರುಗಳಿಂದ ತಂದಿರಿಸಿದ ವೀರಗಲ್ಲುಗಳೂ ಶಿಲ್ಪಗಳೂ ಅಂಗಳದಲ್ಲಿ ಸಾಲಾಗಿ ನಿಂತಿವೆ. ಕೆಳದಿಯ ಅರಸರಲ್ಲಿ ಅಗ್ರಗಣ್ಯನಾದ ಶಿವಪ್ಪನಾಯಕನು 1645ರಿಂದ 1660ರವರೆಗೆ ಆಳಿದನು. ಅವನ ಕೀರ್ತಿ ಯುದ್ಧಗಳಿಗಿಂತಲೂ ‘ಶಿಸ್ತು’ ಎಂಬ ಭೂಕಂದಾಯ ವ್ಯವಸ್ಥೆಯಿಂದ ಹೆಚ್ಚಾಗಿ ನಿಂತಿದೆ. ಮೈಸೂರು ಗೆಜೆಟಿಯರಿನಲ್ಲಿ ಹೇಳಿರುವಂತೆ, ಅವನು ಪ್ರತಿ ಗ್ರಾಮದಲ್ಲಿಯೂ ಒಂದೊಂದು ತರದ ಭೂಮಿಯನ್ನು ಹನ್ನೆರಡು ವರ್ಷ ತನ್ನ ಖರ್ಚಿನಲ್ಲಿ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ಕೂಲಿಯೆಷ್ಟು, ಬಂದ ಫಸಲೆಷ್ಟು, ಅದರ ಬೆಲೆಯೆಷ್ಟು ಎಂದು ಲೆಕ್ಕವಿರಿಸಿ, ಸರಾಸರಿ ತೆಗೆದು, ಅರಸನಿಗೆ ಮೂರರಲ್ಲೊಂದು ಪಾಲೆಂದು ಗೊತ್ತುಮಾಡಿದನು. ಪಾಲು ಕೇಳುವವನು ಮೊದಲು ಬೆಳೆಯುವವನ ಖರ್ಚನ್ನು ತಿಳಿಯಬೇಕೆಂಬ ಈ ನ್ಯಾಯವು, ಮುಂದೆ ಕರಾರುಪತ್ರವನ್ನು ಓದುವಾಗ ನಮಗೆ ಬಹಳ ಉಪಯೋಗಕ್ಕೆ ಬಂದಿತು.

ಹುಡುಗರ ಕಾರ್ಯಾಗಾರವು ಪೇಟೆಯ ಗಲ್ಲಿಯೊಂದರಲ್ಲಿ, ಹಿತ್ತಾಳೆ ಪಾತ್ರೆಗಳ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಎರಡು ಕೋಣೆ, ನಾಲ್ಕು ಗಣಕಯಂತ್ರ, ಗೋಡೆಯ ತುಂಬ ಅಂಟಿಸಿದ ಚಿತ್ರಗಳು. ಒಬ್ಬನು ಯಂತ್ರಕ್ಕೆ ಆದೇಶಗಳನ್ನು ಬರೆಯುವವನು, ಒಬ್ಬನು ಚಿತ್ರಕಾರ, ಒಬ್ಬನು ಸಂಗೀತವನ್ನೂ ಸದ್ದುಗಳನ್ನೂ ಕೂಡಿಸುವವನು. ನಮ್ಮ ಹುಡುಗನು ಆಟದ ನಿಯಮಗಳನ್ನೂ ಕಥೆಯನ್ನೂ ಕಟ್ಟುವವನು. ಕಥೆ ಮಲೆನಾಡಿನದೇ. ಘಟ್ಟದ ಕೆಳಗಿನಿಂದ ಎತ್ತುಗಳ ಬೆನ್ನ ಮೇಲೆ ಉಪ್ಪು ಹೇರಿ ತರುತ್ತಿದ್ದ ಕಾಲದಲ್ಲಿ, ತಂದೆಯನ್ನು ಕಳೆದುಕೊಂಡ ಬಾಲಿಕೆಯೊಬ್ಬಳು ಒಂದು ಮಳೆಗಾಲದಲ್ಲಿ ಎರಡು ಎತ್ತುಗಳೊಡನೆ ಘಟ್ಟವನ್ನು ಏರಬೇಕು. ಎಲ್ಲಿ ತಂಗುವುದು, ಯಾವ ಹಳ್ಳವನ್ನು ದಾಟುವುದು, ನೆನೆದ ಉಪ್ಪನ್ನು ಹೇಗೆ ಉಳಿಸುವುದು, ಇವೇ ಆಡುವವನ ಮುಂದಿರುವ ಸಮಸ್ಯೆಗಳು. ನಾವು ಆ ಯಂತ್ರದ ಗುಂಡಿಗಳನ್ನು ಒತ್ತಲು ಅರಿಯೆವು. ಆದರೆ ಪಕ್ಕದಲ್ಲಿ ಕುಳಿತು ನೋಡುತ್ತಿರಲು, ಹಳ್ಳದ ನೀರು ಏರುವ ಸದ್ದಿಗೆ ಎತ್ತು ಹಿಂಜರಿದು ನಿಂತಾಗ, ಕೈ ತಾನಾಗಿ ಕುರ್ಚಿಯ ತೋಳನ್ನು ಬಿಗಿಹಿಡಿಯಿತು.

ಇಷ್ಟೆಲ್ಲ ಆಗಿದ್ದರೂ ಮುಗಿದಿದ್ದುದು ಒಂದು ಅಂಕ ಮಾತ್ರ. ಉಳಿದ ಭಾಗಕ್ಕೆ ಇನ್ನೂ ಎರಡು ವರ್ಷಗಳು ಬೇಕು. ಪುಸ್ತಕವನ್ನು ಬರೆಯುವವನು ಸಂಜೆಯ ಹೊತ್ತಿನಲ್ಲಿ ಬರೆದು ಮುಗಿಸಬಹುದು. ಆಟವನ್ನು ಹಾಗೆ ನಿರ್ಮಿಸಲಾಗದು. ನಾಲ್ವರೂ ದಿನವೆಲ್ಲ ದುಡಿಯಬೇಕು. ಅವರ ಊಟ, ಬಾಡಿಗೆ, ಯಂತ್ರಗಳ ಖರ್ಚು ತಿಂಗಳು ತಿಂಗಳೂ ನಡೆಯಬೇಕು. ಮಾರಾಟದ ಮೊದಲನೆಯ ರೂಪಾಯಿ ಕಾಣುವುದು ಎಲ್ಲ ಮುಗಿದ ಮೇಲೆ. ಈ ಅಂತರವನ್ನು ತುಂಬುವವನೇ ಪ್ರಕಾಶಕ. ಅವನು ಮುಂಗಡವಾಗಿ ಹಣ ಕೊಡುವನು, ದೋಷಗಳನ್ನು ಪರೀಕ್ಷಿಸುವವರನ್ನು ಒದಗಿಸುವನು, ಆಟವನ್ನು ಬೇರೆ ಭಾಷೆಗಳಿಗೆ ತಿರುಗಿಸುವನು, ಪ್ರಚಾರ ಮಾಡುವನು, ಅಂಗಡಿಗಳೊಡನೆ ವ್ಯವಹರಿಸುವನು. ಹಣವನ್ನು ಒಂದೇ ಸಲ ಕೊಡುವುದಿಲ್ಲ. ಕೆಲಸವನ್ನು ಹಂತಗಳಾಗಿ ವಿಭಾಗಿಸಿ, ಒಂದೊಂದು ಹಂತ ಒಪ್ಪಿಗೆಯಾದ ಮೇಲೆ ಒಂದೊಂದು ಕಂತು.

ಪ್ರಕಾಶಕನ ಬಾಗಿಲಿಗೆ ಹೋಗುವವನ ಕೈಯಲ್ಲಿ ಏನಿರಬೇಕೆಂದು ಕೇಳಿದೆವು. ಬರಿಯ ಕಲ್ಪನೆಗೆ ಯಾರೂ ಹಣ ಕೊಡುವುದಿಲ್ಲವೆಂದು ಹುಡುಗನು ಹೇಳಿದನು. ಆಡಿ ನೋಡಬಹುದಾದ ಒಂದು ಭಾಗ ಸಿದ್ಧವಾಗಿರಬೇಕು. ಇಡೀ ಆಟವು ಹೇಗಿರುವುದೆಂಬುದು ಆ ತುಣುಕಿನಿಂದಲೇ ತಿಳಿಯಬೇಕು, ಅನ್ನ ಬೆಂದಿದೆಯೆಂಬುದನ್ನು ಒಂದು ಅಗುಳು ಹಿಸುಕಿ ನೋಡುವಂತೆ. ಅದರೊಡನೆ ಖರ್ಚಿನ ಅಂದಾಜು, ತಿಂಗಳುವಾರು ಕಾಲಪಟ್ಟಿ, ಯಾರು ಯಾವ ಕೆಲಸ ಬಲ್ಲರೆಂಬ ವಿವರ, ಆಡುವವರು ಯಾರಿರಬಹುದೆಂಬ ಊಹೆ. ಇವಿಷ್ಟನ್ನು ಹತ್ತು ಹನ್ನೆರಡು ಪುಟಗಳಲ್ಲಿ ಅಡಗಿಸಬೇಕು. ನಮ್ಮ ಹುಡುಗರು ಅನೇಕ ಪ್ರಕಾಶಕರಿಗೆ ಬರೆದಿದ್ದರು; ಹೆಚ್ಚಿನವರಿಂದ ಉತ್ತರವೇ ಬರಲಿಲ್ಲ; ಕೆಲವರು ನಯವಾಗಿ ಇಲ್ಲವೆಂದರು; ಒಬ್ಬರು ಒಪ್ಪಿದರು.

ಪ್ರಕಾಶಕನಲ್ಲದೆ ಬೇರೆ ಆಸರೆಗಳೂ ಉಂಟು. ಕರ್ನಾಟಕ ಸರ್ಕಾರವು 2012ರಲ್ಲಿಯೇ ಅನಿಮೇಷನ್, ಗೇಮಿಂಗ್ ಮೊದಲಾದ ಕಸುಬುಗಳಿಗಾಗಿ ಪ್ರತ್ಯೇಕ ನೀತಿಯನ್ನು ರೂಪಿಸಿತು. ಅಂಥ ನೀತಿಯನ್ನು ದೇಶದಲ್ಲಿ ಮೊದಲು ತಂದ ರಾಜ್ಯ ನಮ್ಮದೇ. ಈಗ ನಡೆಯುತ್ತಿರುವುದು 2024ರಿಂದ 2029ರವರೆಗಿನ ನೀತಿ. ಹೊಸ ಉದ್ಯಮಗಳಿಗೆ 50 ಲಕ್ಷ ರೂಪಾಯಿಗಳವರೆಗೆ ಅನುದಾನವೀಯುವ ಎಲಿವೇಟ್ ಎಂಬ ಯೋಜನೆ 2017ರಲ್ಲಿ ಆರಂಭವಾಯಿತು. 2023ರಲ್ಲಿ ಸೋನಿ ಸಂಸ್ಥೆಯೂ ಕೊರಿಯದ ಕ್ರಾಫ್ಟನ್ ಸಂಸ್ಥೆಯೂ ಭಾರತದ ಆಟನಿರ್ಮಾಪಕರಿಗೆಂದೇ ನೆರವಿನ ಯೋಜನೆಗಳನ್ನು ಸಾರಿದುವು. ಆದರೆ ಅರ್ಜಿ ಹಾಕುವವರು ಬಹಳ, ಪಡೆಯುವವರು ಅಲ್ಪ. ದೊರೆಯುವ ಕಾಲವೂ ನಮ್ಮ ಕೈಯಲ್ಲಿಲ್ಲ.

ಮಧ್ಯಾಹ್ನದ ಮೇಲೆ ಹುಡುಗನ ತಂದೆ ನಮ್ಮನ್ನು ಅಡಕೆಯ ಮಂಡಿಗೆ ಕರೆದೊಯ್ದರು. ಶಿವಮೊಗ್ಗೆಯ ಜೀವನಾಡಿಯನ್ನು ಮುಟ್ಟಿ ನೋಡಬೇಕಾದರೆ ಅಲ್ಲಿಗೇ ಹೋಗಬೇಕು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ತರತರವಾಗಿ ಸುರಿದ ಅಡಕೆಯ ಗುಡ್ಡೆಗಳು; ಗೋಣಿಚೀಲದ ವಾಸನೆಯೊಡನೆ ಬೆರೆತ ಒಗರಿನ ಕಂಪು; ಒಂದು ಹಿಡಿ ತೆಗೆದು, ಕತ್ತರಿಸಿ, ಬಣ್ಣ ನೋಡಿ ಬೆಲೆ ಹೇಳುವ ವ್ಯಾಪಾರಿಗಳು. ತೋಟಗಾರನಿಗೆ ವರ್ಷದಲ್ಲಿ ಫಲ ಬರುವ ಕಾಲ ಒಂದೇ. ಖರ್ಚು ಹನ್ನೆರಡು ತಿಂಗಳೂ ಇರುವುದು. ಆದುದರಿಂದಲೇ ಮಂಡಿಯಿಂದ ಮುಂಗಡ ಪಡೆದು ಫಸಲಿನಿಂದ ತೀರಿಸುವ ಪದ್ಧತಿಯೂ, ಕೊಯ್ಲಿಗೆ ಮುನ್ನವೇ ಫಸಲನ್ನು ಚೇಣಿಗೆ ಕೊಡುವ ಪದ್ಧತಿಯೂ ಬೆಳೆದುಬಂದಿವೆ. ಚೇಣಿದಾರನು ಕೊನೆ ತೆಗೆಸಿ, ಸುಲಿಸಿ, ಬೇಯಿಸಿ, ಒಣಗಿಸಿ ಮಾರುವನು, ಲಾಭನಷ್ಟ ಅವನದು. ಬೆಳೆಗಾರರು ಒಂದಾಗಿ ತಮ್ಮ ಸರಕನ್ನು ತಾವೇ ಮಾರಬೇಕೆಂದು 1939ರಲ್ಲಿ ಕಟ್ಟಿದ ಸಹಕಾರ ಸಂಘವೇ ಇಂದಿನ ಮ್ಯಾಮ್ಕೋಸ್.

“ನನ್ನ ಮಗನು ಮಾಡಹೊರಟಿರುವುದೂ ಚೇಣಿಯೇ ಅಲ್ಲವೇ ಮೇಷ್ಟ್ರೇ?” ಎಂದು ಅವರು ಕೇಳಿದರು.

“ಚೇಣಿಯಾದರೆ ಭಯವಿಲ್ಲ. ಚೇಣಿದಾರನು ಫಸಲನ್ನು ಒಯ್ಯುವನು, ಮರವನ್ನು ಒಯ್ಯುವುದಿಲ್ಲ. ಈ ಕಾಗದವು ಯಾವುದನ್ನು ಒಯ್ಯುವುದೆಂಬುದನ್ನು ನೋಡಬೇಕು” ಎಂದೆವು.

ಕಾಗದವನ್ನು ಓದುವುದು ಭದ್ರಾವತಿಯಲ್ಲಿ ಎಂದು ಗೊತ್ತಾಗಿತ್ತು. ಏಕೆಂದರೆ ನಾಲ್ವರಲ್ಲಿ ಚಿತ್ರಕಾರನ ಮನೆ ಅಲ್ಲಿಯದು, ರುಜು ಹಾಕಲು ಒಪ್ಪದೆ ನಿಂತವನೂ ಅವನೇ. ಮರುದಿನ ಬೆಳಗ್ಗೆ ಎಲ್ಲರೂ ಬಸ್ಸು ಹತ್ತಿದೆವು. ಊರು ದಾಟಿದ ಮೇಲೆ ಗದ್ದೆಗಳೂ ತೋಟಗಳೂ ಒಂದಾದಮೇಲೊಂದರಂತೆ ಸರಿಯುವುವು; ನಡುದಾರಿಯಲ್ಲಿ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ ಬರುವುದು. ಅಲ್ಲಿಯೇ ಕಿಯೋನಿಕ್ಸ್ ಸಂಸ್ಥೆಯು ಕಟ್ಟಿದ ಮಾಹಿತಿ ತಂತ್ರಜ್ಞಾನ ಪಾರ್ಕು ಇರುವುದನ್ನು ಹುಡುಗರು ತೋರಿಸಿದರು. ಬೆಂಗಳೂರಿಗೆ ಹೋಗದೆ ಊರಿನಲ್ಲಿಯೇ ಇಂಥ ಕಸುಬು ಬೆಳೆಯಬೇಕೆಂಬ ಆಸೆ ಆ ಕಟ್ಟಡದ ಹಿಂದಿದೆ.

ದಾರಿಯಲ್ಲಿ ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆಯ ಮಾತು ಬಂದಿತು. ರಾಜೇಶ್ ರಾವ್ ಎಂಬವರು 1997ರಲ್ಲಿ ಸ್ಥಾಪಿಸಿದ ಅದು ಈ ಕಸುಬಿನಲ್ಲಿ ಭಾರತಕ್ಕೇ ಹಿರಿಯ ಸಂಸ್ಥೆಗಳಲ್ಲೊಂದು. ಜಗತ್ತಿನ ದೊಡ್ಡ ದೊಡ್ಡ ಆಟಗಳಿಗೆ ಬೇಕಾದ ಚಿತ್ರಗಳನ್ನೂ ವಾಹನಗಳನ್ನೂ ದೃಶ್ಯಗಳನ್ನೂ ರಚಿಸಿಕೊಟ್ಟು ಅದು ಹೆಸರು ಪಡೆಯಿತು. 2017ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಅದನ್ನು ಕೊಂಡಿತು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಕೊಂಡಿತು. ನೂರಾರು ತರುಣರಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟ ಮಾರ್ಗವದು, ಅದನ್ನು ಕಡೆಗಣಿಸಲಾಗದು. ಆದರೆ ಪರರ ಗದ್ದೆಯಲ್ಲಿ ಎಷ್ಟು ಚೆನ್ನಾಗಿ ನಾಟಿ ಮಾಡಿದರೂ ಕಣಜ ಪರರದು. ನಮ್ಮ ಹುಡುಗನು ಕೆಲಸ ಬಿಟ್ಟು ಬಂದುದು ಸ್ವಂತದ ಒಂದು ಕಥೆಗಾಗಿ. ಆ ಕಥೆಯೂ ಪರರದಾಗುವುದಾದರೆ ಬಂದ ದಾರಿಗೇ ಹಿಂದಿರುಗಿದಂತೆ.

ಭದ್ರಾವತಿಯ ಪೂರ್ವದ ಹೆಸರು ಬೆಂಕಿಪುರ. ಹೆಸರಿಗೆ ತಕ್ಕಂತೆ ಅಲ್ಲಿ ಬೆಂಕಿಯ ಕಾರ್ಖಾನೆಯೇ ಬಂದು ನಿಂತಿತು. ಬಾಬಾಬುಡನ್ ಬೆಟ್ಟಸಾಲಿನ ಕೆಮ್ಮಣ್ಣುಗುಂಡಿಯ ಅದಿರು, ಸುತ್ತಣ ಕಾಡಿನ ಸೌದೆ, ಭದ್ರೆಯ ನೀರು, ಈ ಮೂರನ್ನೂ ನೋಡಿ ಇಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಸ್ಥಾಪಿಸಲು ಮೈಸೂರು ಸರ್ಕಾರವು ಸಂಕಲ್ಪಿಸಿತು. ಕಲ್ಲಿದ್ದಲು ದೊರೆಯದ ಸೀಮೆಯಾದುದರಿಂದ ಸೌದೆಯನ್ನು ಸುಟ್ಟ ಇದ್ದಿಲೇ ಕುಲುಮೆಗೆ ಇಂಧನ. ಸೌದೆಯ ಹೊಗೆಯಿಂದ ಮರದ ಸಾರಾಯಿ ಮೊದಲಾದ ದ್ರವ್ಯಗಳನ್ನು ಬೇರ್ಪಡಿಸುವ ಏರ್ಪಾಡೂ ಕೂಡಿತ್ತು. 1923ರ ಜನವರಿಯಲ್ಲಿ ಕಾರ್ಖಾನೆ ಆರಂಭವಾದಾಗ, ಮಹಾಯುದ್ಧದ ಬಳಿಕ ಬೀಡುಕಬ್ಬಿಣದ ಬೆಲೆ ಕುಸಿದಿತ್ತು. ನಷ್ಟದ ಮೇಲೆ ನಷ್ಟ. ದಿವಾನಗಿರಿಯಿಂದ ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು, 1929ರವರೆಗೆ ನಿಂತು, ಖರ್ಚನ್ನು ಬಿಗಿಮಾಡಿ, ಸ್ಥಳೀಯರನ್ನೇ ತರಬೇತುಗೊಳಿಸಿ, ಅದನ್ನು ತನ್ನ ಕಾಲ ಮೇಲೆ ನಿಲ್ಲಿಸಿದರು. ಅದಕ್ಕಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಬೆಂಗಳೂರಿನ ಜಯಚಾಮರಾಜೇಂದ್ರ ಔದ್ಯೋಗಿಕ ಶಾಲೆಗೆ ಸಲ್ಲಿಸುವಂತೆ ಮಾಡಿದರು. ಮುಂದೆ ಕಾರ್ಖಾನೆಯು ಅವರ ಹೆಸರನ್ನೇ ಪಡೆಯಿತು. ನಷ್ಟದ ವರ್ಷಗಳಲ್ಲಿ ಕೈಬಿಡದೆ ಕಾಯಬಲ್ಲವನೇ ನಿಜವಾದ ಬೆಂಬಲಿಗನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಆದರೆ ಬೆಂಬಲವು ಶಾಶ್ವತವೆಂದು ನಂಬಿ ಕೂರಲಾಗದೆಂಬುದನ್ನೂ ಅದೇ ಊರು ಕಲಿಸುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಯು 1977ರಲ್ಲಿ ಸರ್ಕಾರಿ ಕಂಪನಿಯಾಗಿ, 1981ರಿಂದ ಪತ್ರಿಕೆಗಳಿಗೆ ಬೇಕಾದ ಕಾಗದವನ್ನೂ ಒದಗಿಸುತ್ತ ಬಂದಿತು. 2015ರ ಬಳಿಕ ಅದರ ಯಂತ್ರಗಳು ನಿಂತುವು. ಕಬ್ಬಿಣದ ಕಾರ್ಖಾನೆಯು 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದು, ಕಾರ್ಮಿಕರ ಹೋರಾಟದ ಮೇಲೆ ಅದೇ ವರ್ಷ ಕೆಲವು ಕೆಲಸಗಳು ಮತ್ತೆ ಮೊದಲಾದುವು. ಚಿತ್ರಕಾರನ ತಂದೆ ಕಾಗದದ ಕಾರ್ಖಾನೆಯಲ್ಲಿ ದುಡಿದವರು. ಸಾಲುಮನೆಗಳ ಬೀದಿಯಲ್ಲಿ ನಡೆಯುತ್ತ, ಬೀಗ ಬಿದ್ದ ಮನೆಗಳನ್ನು ತೋರಿಸಿ, ಆ ಹುಡುಗನು ಹೇಳಿದ ಮಾತು ಮರೆಯತಕ್ಕದ್ದಲ್ಲ: “ಸರ್ಕಾರವೇ ಬೆನ್ನಿಗಿದ್ದ ಕಾರ್ಖಾನೆಯೂ ನಿಂತುಹೋಯಿತು. ಮುಖ ಕಾಣದ ಪ್ರಕಾಶಕರು ನಾಳೆ ಕೈಬಿಟ್ಟರೆ ನಮ್ಮ ಕೈಯಲ್ಲಿ ಏನು ಉಳಿಯುವುದು ಮೇಷ್ಟ್ರೇ?”

ಅವನ ಮನೆಯಲ್ಲಿ ಊಟ ಮುಗಿಸಿ, ಹಳೆಯ ಊರಿನ ಲಕ್ಷ್ಮೀನರಸಿಂಹ ದೇವಾಲಯಕ್ಕೆ ಹೋದೆವು. ಹೊಯ್ಸಳರ ಕಾಲದ ತ್ರಿಕೂಟ. ನಕ್ಷತ್ರದಂತೆ ಕೋನಕೋನವಾಗಿ ಹರಡಿದ ಜಗತಿ, ಕಡೆದ ಕಂಬಗಳು, ನಡುಹಗಲಿನಲ್ಲಿಯೂ ತಂಪಾದ ನವರಂಗ. ದರ್ಶನವಾದ ಮೇಲೆ ಹೊರಗಿನ ನೆರಳಿನಲ್ಲಿ ಕುಳಿತು ಕರಾರುಪತ್ರವನ್ನು ಬಿಚ್ಚಿದೆವು. ಇಪ್ಪತ್ತಕ್ಕೂ ಮಿಕ್ಕ ಪುಟಗಳು. ನಾವು ನ್ಯಾಯವಾದಿಗಳಲ್ಲ, ಆದರೆ ಒಂದು ಗ್ರಂಥದ ತಾತ್ಪರ್ಯವನ್ನು ಗೊತ್ತುಮಾಡಲು ಉಪಕ್ರಮವನ್ನೂ ಉಪಸಂಹಾರವನ್ನೂ ಕೂಡಿಸಿ ನೋಡಬೇಕು, ಪದೇಪದೇ ಬಂದ ಮಾತನ್ನು ಗುರುತಿಸಬೇಕು, ಫಲವು ಯಾರಿಗೆಂದು ಕೇಳಬೇಕು ಎಂಬ ಮೀಮಾಂಸಕರ ಕ್ರಮವು ಕಾನೂನಿನ ಪತ್ರಕ್ಕೂ ಸಲ್ಲುವುದು. ಆರಂಭದಲ್ಲಿ ‘ನಿರ್ಮಾಪಕರ ಆಟ’ ಎಂದು ಕರೆದಿದ್ದುದು ಕೊನೆಯ ಪುಟಗಳಲ್ಲಿ ‘ಪ್ರಕಾಶಕರ ಸ್ವತ್ತು’ ಎಂದಾಗಿತ್ತು! ಆಟದ ಕಥೆ, ಪಾತ್ರಗಳು, ಹೆಸರು, ಮುಂದಿನ ಭಾಗಗಳು ಎಲ್ಲವೂ ಮುಂಗಡದ ಮೊದಲ ಕಂತಿನೊಡನೆ ಅವರಿಗೆ ಸೇರುವುವೆಂಬ ಒಂದು ವಾಕ್ಯ ನಡುವೆ ಅಡಗಿತ್ತು. ಇದು ಚೇಣಿಯಲ್ಲ, ತೋಟದ ಕ್ರಯಪತ್ರ.

ಎರಡನೆಯದು ಪಾಲಿನ ಲೆಕ್ಕ. ಇದನ್ನು ವಾಚಕರು ಸ್ವಲ್ಪ ತಾಳ್ಮೆಯಿಂದ ನೋಡಬೇಕು. ಉದಾಹರಣೆಗೆ ಆಟದ ಬೆಲೆ 500 ರೂಪಾಯಿ, ಮುಂಗಡ 35 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಆಟಗಳನ್ನು ಮಾರುವ ಸ್ಟೀಮ್ ಎಂಬ ಅಂಗಡಿಯು ಸಾಮಾನ್ಯವಾಗಿ ನೂರಕ್ಕೆ 30ರಂತೆ ತನ್ನ ಪಾಲನ್ನು ಹಿಡಿಯುವುದು. ತೆರಿಗೆಗಳನ್ನು ಬಿಟ್ಟು ನೋಡಿದರೆ ಉಳಿಯುವುದು ಪ್ರತಿಗೆ 350. ಅಂಗಡಿಯಿಂದ ಬಂದ ಹಣವನ್ನು ಪ್ರಕಾಶಕರೂ ನಿರ್ಮಾಪಕರೂ ಸಮಪಾಲು ಮಾಡಿಕೊಳ್ಳುವುದೆಂದು ಒಪ್ಪಂದ. 12,000 ಪ್ರತಿಗಳು ಮಾರಾಟವಾದರೆ ಒಟ್ಟು 42 ಲಕ್ಷ. ಮುಂಗಡವನ್ನು ‘ಒಟ್ಟು ಆದಾಯದಿಂದ’ ಮೊದಲು ತೀರಿಸಿಕೊಳ್ಳುವುದೆಂದು ಬರೆದಿದ್ದರೆ, 35 ಲಕ್ಷ ಕಳೆದು, ಉಳಿದ 7 ಲಕ್ಷದಲ್ಲಿ ಮೂರೂವರೆ ಲಕ್ಷ ಹುಡುಗರಿಗೆ. ‘ನಿರ್ಮಾಪಕರ ಪಾಲಿನಿಂದ’ ಎಂದು ಬರೆದಿದ್ದರೆ, 21 ಲಕ್ಷವು ಪ್ರಕಾಶಕರ ಪಾಲಾಗಿ ಹೋಗುವುದು. ಹುಡುಗರ ಪಾಲಿನ 21 ಲಕ್ಷವೂ ಮುಂಗಡಕ್ಕೇ ಸಲ್ಲುವುದು. ಮೇಲೆ ಇನ್ನೂ 14 ಲಕ್ಷ ಬಾಕಿ! ಪ್ರಕಾಶಕರಿಗೆ ಕೊಟ್ಟುದಕ್ಕಿಂತ ಏಳು ಲಕ್ಷ ಹೆಚ್ಚಾಗಿ ಬಂದಿರುವಾಗಲೂ, ಎರಡು ವರ್ಷ ದುಡಿದವರಿಗೆ ಒಂದು ಕಾಸೂ ಇಲ್ಲ. ಮೊದಲನೆಯ ಬಗೆಯಲ್ಲಿ 10,000 ಪ್ರತಿಗಳಿಗೆ ಮುಂಗಡ ತೀರುವುದು. ಎರಡನೆಯದರಲ್ಲಿ 20,000 ಬೇಕು. ಒಂದು ಪದದ ಭೇದ ಇಷ್ಟು ದೊಡ್ಡದು. ನಮ್ಮ ಮುಂದಿದ್ದ ಕರಡಿನಲ್ಲಿ ಇದ್ದುದು ಎರಡನೆಯ ಬಗೆ.

ಹುಡುಗನ ತಂದೆ ನಿಟ್ಟುಸಿರುಬಿಟ್ಟು, “ಹಾಗಾದರೆ ತೋಟದ ಮೇಲೆ ಸಾಲ ತೆಗೆಯುವುದೇ ಲೇಸು” ಎಂದರು. ಆಗ ಹುಡುಗರು ಹೇಳಿದ ಒಂದು ನಿಜವಾದ ಕಥೆ ಆಲೋಚನೆಗೆ ದಾರಿಮಾಡಿತು. ಪುಣೆಯ ನಾಡಿಂಗ್ ಹೆಡ್ಸ್ ಎಂಬ ಸಣ್ಣ ಸ್ಟುಡಿಯೋ ‘ರಾಜಿ’ ಎಂಬ ಆಟವನ್ನು ಕೈಗೊಂಡಿತು. ತಮ್ಮನನ್ನು ಹುಡುಕುತ್ತ ಅಸುರರೊಡನೆ ಹೋರುವ ಬಾಲಿಕೆಯ ಕಥೆ. ನಡುವೆ ತೊಗಲುಬೊಂಬೆಯಾಟದ ರೀತಿಯ ದೃಶ್ಯಗಳು. 2017ರಲ್ಲಿ ಕಿಕ್‌ಸ್ಟಾರ್ಟರ್ ಎಂಬಲ್ಲಿ ಸಾರ್ವಜನಿಕರ ಚಂದಾ ಎತ್ತಲು ನೋಡಿದರು. ಉದ್ದೇಶಿಸಿದ ಮೊತ್ತ ಕೂಡಲಿಲ್ಲ. ಆ ಪದ್ಧತಿಯಲ್ಲಿ ಪೂರ್ತಿ ಕೂಡದಿದ್ದರೆ ಕೈಗೆ ಏನೂ ಬರುವುದಿಲ್ಲ. ಸ್ಥಾಪಕರಲ್ಲೊಬ್ಬರು ಮನೆಯನ್ನೇ ಮಾರಿ ಕೆಲಸ ಮುಂದುವರಿಸಬೇಕಾಯಿತು. ಕೊನೆಗೆ ಸೂಪರ್ ಡಾಟ್ ಕಾಮ್ ಎಂಬ ಪ್ರಕಾಶಕರು ದೊರೆತು 2020ರಲ್ಲಿ ಆಟ ಹೊರಬಂದಿತು. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಉತ್ತಮ ಚೊಚ್ಚಲ ಆಟದ ವಿಭಾಗಕ್ಕೆ ನಾಮನಿರ್ದೇಶನವನ್ನೂ ಪಡೆಯಿತು. ಕೇಳುವಾಗ ಇದು ಸಾಹಸದ ಕಥೆ. ಆದರೆ ಮನೆ ಮಾರಿದ ಎಲ್ಲರಿಗೂ ಪ್ರಕಾಶಕರು ದೊರೆಯುವುದಿಲ್ಲ. ದೊರೆಯದವರ ಕಥೆಯನ್ನು ಯಾರೂ ಬರೆಯುವುದಿಲ್ಲ. ಆಟವೊಂದು ಸೋತರೆ ಪ್ರಕಾಶಕರಿಗೆ ಹಲವರಲ್ಲಿ ಒಂದು ಸೋಲು. ತೋಟವನ್ನು ಅಡವಿಟ್ಟ ಸಂಸಾರಕ್ಕೆ ಇದ್ದುದೊಂದೇ. ಮುಂಗಡದ ಗುಣ ಇಲ್ಲಿದೆ: ಆಟವನ್ನು ಮುಗಿಸಿ ಒಪ್ಪಿಸಿದ ಮೇಲೆ ಅದು ಮಾರಾಟವಾಗದೆ ಹೋದರೆ, ಸಾಮಾನ್ಯವಾಗಿ ಹಣವನ್ನು ಹಿಂದಿರುಗಿಸಬೇಕಾಗಿಲ್ಲ. ಬ್ಯಾಂಕಿನ ಸಾಲಕ್ಕೆ ಆ ದಾಕ್ಷಿಣ್ಯವಿಲ್ಲ.

ಆದುದರಿಂದ ಹುಡುಗರು ಕರಾರನ್ನು ತಳ್ಳಿಹಾಕದೆ, ತಿದ್ದುಪಡಿಗಳನ್ನು ಕೇಳಿ ಬರೆಯುವುದೆಂದು ನಿಶ್ಚಯವಾಯಿತು. ಕಥೆ ಮತ್ತು ಪಾತ್ರಗಳ ಒಡೆತನ ನಿರ್ಮಾಪಕರದೇ ಇರಬೇಕು. ಪ್ರಕಾಶಕರಿಗೆ ಗೊತ್ತಾದ ವರ್ಷಗಳವರೆಗೆ ಮಾರುವ ಹಕ್ಕು ಮಾತ್ರ. ಮುಂಗಡವನ್ನು ಒಟ್ಟು ಆದಾಯದಿಂದ ತೀರಿಸಿಕೊಳ್ಳಬೇಕು. ಪ್ರಚಾರದ ಖರ್ಚನ್ನು ಸೇರಿಸುವುದಾದರೆ ಅದಕ್ಕೊಂದು ಮಿತಿಯಿರಬೇಕು, ಲೆಕ್ಕದ ಪುಸ್ತಕವನ್ನು ನೋಡುವ ಅಧಿಕಾರವಿರಬೇಕು. ಪ್ರಕಾಶಕರು ನಡುವೆ ಕೈಬಿಟ್ಟರೆ, ಅಥವಾ ಗೊತ್ತಾದ ಕಾಲದೊಳಗೆ ಆಟವನ್ನು ಹೊರತರದಿದ್ದರೆ, ಎಲ್ಲ ಹಕ್ಕುಗಳೂ ನಿರ್ಮಾಪಕರಿಗೆ ಹಿಂದಿರುಗಬೇಕು. ಈ ಕಡೆಯ ಮಾತನ್ನು ಬರೆಸಿದವನು ಚಿತ್ರಕಾರ. ಕಳುಹಿಸುವ ಮುನ್ನ ಈ ಬಗೆಯ ಕರಾರುಗಳನ್ನು ಬಲ್ಲ ನ್ಯಾಯವಾದಿಯೊಬ್ಬರಿಗೆ ತೋರಿಸಬೇಕೆಂದು ನಾವು ಒತ್ತಿ ಹೇಳಿದೆವು. ಅವರಿಗೆ ಕೊಡುವ ಶುಲ್ಕವು ಬೀಜದ ಖರ್ಚಿನಲ್ಲಿ ಸೇರಿದ್ದು.

ಒಂದೂವರೆ ತಿಂಗಳ ಮೇಲೆ ಉತ್ತರ ಬಂದಿತು. ಒಡೆತನವು ಹುಡುಗರಿಗೇ ಉಳಿಯಿತು. ಹಕ್ಕು ಹಿಂದಿರುಗುವ ಮಾತಿಗೂ ಒಪ್ಪಿಗೆಯಾಯಿತು. ಲೆಕ್ಕವೂ ಒಟ್ಟು ಆದಾಯದ ಮೇಲೆ ಎಂದು ತಿದ್ದಿತು. ಅದಕ್ಕೆ ಬದಲಾಗಿ ಮುಂಗಡದ ಮೊತ್ತವನ್ನು ಕಡಮೆ ಮಾಡಿದರು. ಮುಂದಿನ ಆಟವನ್ನು ತಮಗೇ ಮೊದಲು ತೋರಿಸಬೇಕೆಂಬ ಷರತ್ತನ್ನು ಬಿಡಲಿಲ್ಲ. ಕಡಮೆಯಾದ ಹಣಕ್ಕೆ ತಕ್ಕಂತೆ ಹುಡುಗರು ಆಟದ ಏಳು ಅಂಕಗಳನ್ನು ಐದಕ್ಕೆ ಇಳಿಸಿಕೊಂಡು, ನಾಲ್ವರೂ ಒಮ್ಮತದಿಂದ ರುಜು ಹಾಕಿದರು. ತೋಟದ ಕಾಗದಪತ್ರಗಳು ಪೆಟ್ಟಿಗೆಯಲ್ಲಿಯೇ ಇವೆ.

ಆಟವು ಗೆಲ್ಲುವುದೋ ಇಲ್ಲವೋ ಹೇಳಬಲ್ಲವರಾರು? ಆದರೆ ಮನೆಯ ಮಗನು ಇಂಥ ಕಸುಬಿಗೆ ಹೊರಟು ನಿಂತಾಗ, ‘ಇದು ಆಟ, ಇದರಿಂದ ಅನ್ನ ಹುಟ್ಟೀತೇ’ ಎಂದು ಜರೆಯುವುದೂ ಸಲ್ಲದು, ಮಮತೆಯಿಂದ ಮನೆಮಾರನ್ನು ಒತ್ತೆಯಿಡುವುದೂ ಸಲ್ಲದು. ಅವನ ಬಳಿ ತೋರಿಸಬಲ್ಲ ಒಂದು ಅಂಕವಾದರೂ ಇದೆಯೇ ಎಂದು ಕೇಳಿರಿ. ಹಣ ಕೊಡುವವನು ಎಷ್ಟು ಕಾಲ ಕಾಯಬಲ್ಲನೆಂದು ವಿಚಾರಿಸಿರಿ. ಕಾಗದವನ್ನು ಕೊನೆಯ ಪುಟದವರೆಗೆ ಓದಿಸಿರಿ. ಫಲವನ್ನು ಹಂಚಿಕೊಳ್ಳುವುದರಲ್ಲಿ ಔದಾರ್ಯವಿರಲಿ, ಮರದ ವಿಷಯದಲ್ಲಿ ಬಿಗಿಯಿರಲಿ. ಇನ್ನು ಆ ಕಡೆಗೆ ಪ್ರಯಾಣ ಮಾಡುವವರು ಬಸ್ಸು ಬದಲಾಯಿಸುವ ಅವಸರವನ್ನು ಒಂದು ದಿನ ಬದಿಗಿಟ್ಟು, ಶಿವಪ್ಪನಾಯಕನ ಅರಮನೆಯನ್ನೂ ಅಡಕೆಯ ಮಂಡಿಯನ್ನೂ ಭದ್ರಾವತಿಯ ನರಸಿಂಹನನ್ನೂ ನೋಡಿಕೊಂಡು ಹೋಗಲಿ. ಜೊತೆಯಲ್ಲಿ ಮಕ್ಕಳಿದ್ದರೆ, ಕಾರ್ಖಾನೆಯ ಚಿಮಣಿಗಳನ್ನು ತೋರಿಸುವಾಗ ಅದರ ಕಥೆಯನ್ನೂ ಹೇಳಲಿ.